ಮಂದ್ರದ ಹಾಡು, ಮಂದ್ರವಿಲ್ಲದ ಗಂಟೆಗಳು

'ಓಲ್ ಮ್ಯಾನ್ ರಿವರ್' ಹಾಡನ್ನು ಹ್ಯಾಂಡ್‌ಬೆಲ್‌ಗೆ, ಅಂದರೆ ಗುಂಪಾಗಿ ನಿಂತು ಕೈಯಲ್ಲಿ ಹಿಡಿದು ಬಾರಿಸುವ ಒಂದೊಂದು ಸ್ವರದ ಗಂಟೆಗಳಿಗೆ, ಹೊಂದಿಸಿ ಕೊಡಿ ಅಂದಾಗ ನಾನು ಮೊದಲು ಆಗಲ್ಲ ಅಂದಿದ್ದೆ. 1927ರ ಬ್ರಾಡ್‌ವೇ ನಾಟಕ 'ಶೋ ಬೋಟ್'ಗಾಗಿ ಜೆರೋಮ್ ಕರ್ನ್ ಕಟ್ಟಿದ ಹಾಡು ಇದು. ಪಾಲ್ ರೋಬ್ಸನ್ ಅವರ ಆಳದ ದನಿಯಲ್ಲಿ ಕೇಳಿದವರಿಗೆ ಬೇರೆ ಯಾವುದೂ ಕಿವಿಗೆ ಹಿಡಿಸುವುದಿಲ್ಲ. ನಮ್ಮ ಮೂರು ಆಕ್ಟೇವ್ (ಸ್ಥಾಯಿ) ಸೆಟ್‌ನಲ್ಲಾದರೋ, ಎಲ್ಲಕ್ಕಿಂತ ಕೆಳಗಿನ ಗಂಟೆಯ ಸ್ವರವೇ ಪಿಯಾನೊದ ಮಿಡಲ್ ಸಿ, ಅಂದರೆ ಕೀಲಿಗಳ ಸಾಲಿನ ಹೆಚ್ಚುಕಡಿಮೆ ನಡುವಿನ ಸ್ವರ!

ಹಾಗಾಗಿ ಆ ದನಿಯ ಆಸೆ ಬಿಟ್ಟೆ. ಉಳಿದದ್ದು ರಾಗ. ಅದು ಬಹುಪಾಲು ಐದೇ ಸ್ವರ, ನಮ್ಮ ಮೋಹನ ರಾಗದ ಥರ. ಗಂಟೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಯಾಕೆಂದರೆ ಈ ಐದು ಸ್ವರಗಳನ್ನು ತಡೆಯದೆ ಒಂದರ ಮೇಲೊಂದು ಮೊಳಗಲು ಬಿಟ್ಟರೂ ಕಚ್ಚಾಡುವುದಿಲ್ಲ.

ಎಫ್ ಸ್ವರವನ್ನು ಷಡ್ಜವಾಗಿಟ್ಟ ಎಫ್ ಮೇಜರ್ ಆರಿಸಿಕೊಂಡೆ. 37 ಗಂಟೆಗಳಲ್ಲಿ ಬಿಳಿ ಕೀಲಿಯ ಸ್ವರಗಳು 22, ಬಾರಿಸುವವರು 11 ಜನ, ಕೈಗೊಂದು. ಕಪ್ಪು ಕೀಲಿಯವು ಮೇಜಿನ ಮೇಲೆ ಕಾಯುತ್ತಿರುತ್ತವೆ. ಎಫ್‌ನಲ್ಲಿ ಪಲ್ಲವಿಯ ರಾಗಕ್ಕೆ ಅವು ಬೇಕಾಗುವುದಿಲ್ಲ. ಮಧ್ಯದ ಭಾಗ ಮೈನರ್‌ಗೆ, ಅಂದರೆ ದುಗುಡದ ಛಾಯೆಯ ಸ್ವರಶ್ರೇಣಿಗೆ, ಹೊರಳಿದಾಗ ಮಾತ್ರ ಜಿ-ಶಾರ್ಪ್ (ಜಿ ಪಕ್ಕದ ಕಪ್ಪು ಕೀಲಿಯ ಸ್ವರ) ಬರುತ್ತದೆ, ಜಿ ಹಿಡಿದವರು ಅದನ್ನಿಟ್ಟು ಇದನ್ನೆತ್ತಬೇಕು. ಪಿಯಾನೊ ಸ್ಕೋರ್ ನೋಡಿ ಸುಮ್ನೆ ನಕಲು ಮಾಡುವವರು ಎಡವುವುದು ಇಲ್ಲೇ. ಹಿಂದಿನ ಕಾರ್ಡ್‌ನ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನ) ಜಿ ಅನ್ನು ಬೇರೆ ಆಕ್ಟೇವ್‌ನವರಿಗೆ ಕೊಟ್ಟು ಇವರ ಕೈ ಖಾಲಿ ಮಾಡಿದೆ. ಆ ಭಾಗದಲ್ಲಿ ದುಡಿತದ ಮಾತಿದೆ, ಅದಕ್ಕೆ ಮಾರ್ಟೆಲಾಟೊ ಬರೆದೆ: ಗಂಟೆಯನ್ನು ಮೇಜಿನ ಫೋಮ್ ಮೇಲೆ ಕುಕ್ಕುವುದು, ದಪ್ ಅಂತ ಮೊಟಕು ಸದ್ದು.

ಕೆಳಗಿನ ಗಂಟೆಗಳಲ್ಲಿ ಮೂಲ ಸ್ವರದ ಜೊತೆ ಒಂದು ಆಕ್ಟೇವ್ ಮೇಲಿನ ಪಂಚಮವೂ ಜೋರಾಗಿ ಕೇಳುತ್ತದೆ. ಅಲ್ಲಿ ಒತ್ತೊತ್ತಾಗಿ ಸ್ವರ ತುಂಬಿದರೆ ಕಲಸುಮೇಲೋಗರ. ಷಡ್ಜ, ಪಂಚಮ ಸಾಕು.

ಜಾಸ್ತಿ ತಲೆ ತಿಂದದ್ದು ಸಾಲಿನ ಕೊನೆಯ ಉದ್ದ ಸ್ವರ. ಗಾಯಕರು ಅದನ್ನು ಹಿಗ್ಗಿಸುತ್ತಾ ಹೋಗುತ್ತಾರೆ, ಗಂಟೆಯದು ಬಾರಿಸಿದ ಕ್ಷಣದಿಂದ ಇಳಿಯುತ್ತಲೇ ಇರುತ್ತದೆ, ಅಲ್ವಾ? ಶೇಕ್ ಹಾಕಬಹುದು, ಅಂದರೆ ಗಂಟೆಯನ್ನು ಬಿಡದೆ ಅಲುಗಾಡಿಸಿ ಸ್ವರ ಉಳಿಸಬಹುದು, ಆದರೆ ಇಂಥ ನಿಧಾನದ ಹಾಡಿನಲ್ಲಿ ನನಗದು ನಡುಕದ ಥರ ಕೇಳುತ್ತದೆ. ನಾಟಕದ ಆರಂಭದ ಹಾಡಿನಲ್ಲಿ ದೋಣಿಯ ಹೆಸರು ಕೂಗುವ ನಾಲ್ಕು ಸ್ವರಗಳಿವೆ, ನದಿಯ ರಾಗವನ್ನು ಕರ್ನ್ ಹೆಣೆದದ್ದು ಅವನ್ನೇ ತಿರುಗಿಸಿ. ಆ ನಾಲ್ಕನ್ನು ಮೇಲಿನ ಸಣ್ಣ ಗಂಟೆಗಳಿಗೆ ಕೊಟ್ಟು ಆ ಖಾಲಿಯಲ್ಲಿಟ್ಟೆ.

ಕೊನೆಯ ಕಾರ್ಡ್‌ಗೆ ಏನೂ ಸೇರಿಸಲಿಲ್ಲ. ಮೊಳಗುತ್ತಾ ತೆಳುವಾಗಲಿ ಅಂತ ಬಿಟ್ಟು, ಹನ್ನೊಂದೂ ಜನ ಒಟ್ಟಿಗೆ ಗಂಟೆಯನ್ನು ಭುಜಕ್ಕೆ ಒತ್ತಿ ನಿಲ್ಲಿಸಬೇಕು. ಒಬ್ಬರು ತಡ ಮಾಡಿದರೂ ಅದೊಂದೇ ಸ್ವರ ಸಭಾಂಗಣದಲ್ಲಿ ಉಳಿದುಬಿಡುತ್ತದೆ. ಹೋದ ಸಲ ಅದು ನನ್ನದೇ.