ನೋಡಿದ್ದು ಸಾಕು, ಕೂತು ಬಿಡಿಸೋಣ

ಬೆಂಗಳೂರಿನಲ್ಲಿ ಕಲಾವಿದರು ಬೀದಿಯಲ್ಲೇ ಕೂತು ಚಿತ್ರ ಮಾರುವ ಚಿತ್ರಸಂತೆ ನಡೆಯೋದು ಜನವರಿಯಲ್ಲಿ. ಅದು ಹತ್ತಿರ ಬಂತೆಂದರೆ ನಮ್ಮ ಡಿಸೈನ್ ಸ್ಟುಡಿಯೋದ ಹೊಸ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: "ಸರ್, ನಾವು ಪೇಂಟರ್‌ಗಳಲ್ಲ. ಲೋಗೋ, ಪ್ಯಾಕೇಜಿಂಗ್ ಮಾಡೋರು. ಚಿತ್ರಸಂತೆಗೆ ಹೋಗಿ ಏನು ಮಾಡೋದು?"

ಹೋಗಿ ಅಂತಲೇ ಹೇಳುತ್ತೇನೆ. ಜೊತೆಗೆ, ಫೋಟೋ ತೆಗೆಯಬೇಡಿ ಅಂತಲೂ ಹೇಳುತ್ತೇನೆ. ಅಲ್ಲಿ ತೆಗೆದ ಇನ್ನೂರು ಫೋಟೋಗಳನ್ನು ಆಮೇಲೆ ತೆರೆದು ನೋಡಿದವರನ್ನು ನಾನಂತೂ ಕಂಡಿಲ್ಲ.

ಚಿತ್ರಸಂತೆ ನಡೆಸುವುದು ಕರ್ನಾಟಕ ಚಿತ್ರಕಲಾ ಪರಿಷತ್ತು. ಆ ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿಗೆ ಜಾಗವಿಲ್ಲ. 2025ರ ಜನವರಿ 5ರಂದು ನಡೆದದ್ದು 22ನೇ ಸಂತೆ. ಸುಮಾರು 1,500 ಕಲಾವಿದರು ಬೇರೆ ಬೇರೆ ರಾಜ್ಯಗಳಿಂದ ಬಂದಿದ್ದರು. ಗ್ಯಾಲರಿಯಲ್ಲಿ ಚಿತ್ರ ಮಾತ್ರ ಇರುತ್ತದೆ. ಇಲ್ಲಿ ಅದನ್ನು ಬಿಡಿಸಿದವರು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಡಿಸೈನರ್‌ಗೆ ಇದಕ್ಕಿಂತ ಒಳ್ಳೆ ಅವಕಾಶ ಇಲ್ಲ. ಯಾವ ಕಾಗದ, ಪ್ರಿಂಟ್ ಎಲ್ಲಿ ಹಾಕಿಸಿದಿರಿ, ಬೆಲೆ ಹೇಗೆ ಇಟ್ಟಿರಿ ಅಂತ ಕೇಳಿ. ಬೆಳಗ್ಗೆ ಬೇಗ ಹೋದರೆ ಮಾತಾಡುವ ಪುರುಸೊತ್ತು ಅವರಿಗೂ ಇರುತ್ತದೆ. ಮಧ್ಯಾಹ್ನದ ನೂಕುನುಗ್ಗಲಲ್ಲಿ ಕೇಳಿದರೆ ಬೈಸಿಕೊಳ್ಳದಿದ್ದರೆ ಪುಣ್ಯ. ಚಿಕ್ಕದೊಂದು ಚಿತ್ರ ಕೊಂಡರೆ ಮಾತು ಇನ್ನೂ ಸಲೀಸು.

ಮೈಸೂರು ಶೈಲಿಯ ಚಿತ್ರ ಮತ್ತು ತಂಜಾವೂರು ಶೈಲಿಯ ಚಿತ್ರ ಎರಡನ್ನೂ ಹುಡುಕಿ ನೋಡಿ. ಎರಡರಲ್ಲೂ ಚಿನ್ನದ ಹಾಳೆ ಇದೆ. ಮೈಸೂರಿನದರಲ್ಲಿ ಚಿನ್ನದ ಕೆಳಗಿನ ಉಬ್ಬು ತೀರಾ ತೆಳು, ಗೆರೆಯೇ ಮುಖ್ಯ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಕಲ್ಲುಗಳು. ಸಿಹಿ ಡಬ್ಬಕ್ಕೋ ಮದುವೆ ಕಾಗದಕ್ಕೋ ಚಿನ್ನದಂತೆ ಹೊಳೆಯುವ ಫಾಯಿಲ್ ಹಾಕುವವರು ಇದನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು. ಚಿನ್ನ ಎಷ್ಟು ಸಾಕು ಅನ್ನೋದು ಸ್ಕ್ರೀನ್ ಮೇಲೆ ಗೊತ್ತಾಗೋದಿಲ್ಲ.

ಆದರೂ ಸಂತೆ ವರ್ಷಕ್ಕೊಂದು ಸಲ. ಮಿಕ್ಕ ದಿನಗಳಲ್ಲಿ? ಡಿಸೈನರ್‌ಗಳಿಗೆಂದು ನಡೆಯುವ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲು ಭಾಷಣವೇ. ಸ್ವಾಗತ, ಹಾರ, ಅತಿಥಿಗಳ ಪರಿಚಯ, ಪ್ರಾಯೋಜಕರಿಗೆ ಎರಡು ಮಾತು. ಅಷ್ಟರಲ್ಲಿ ಕಾಫಿ ಆರಿರುತ್ತದೆ. ಈ ಕಾಟ ಜಪಾನಿನಲ್ಲೂ ಇತ್ತು ಅಂತ ಕಾಣುತ್ತದೆ. 2003ರಲ್ಲಿ ಟೋಕಿಯೊದ ಇಬ್ಬರು ವಾಸ್ತುಶಿಲ್ಪಿಗಳು ಪೆಚಾ ಕುಚಾ ಅಂತ ಶುರು ಮಾಡಿದರು. ಒಬ್ಬರಿಗೆ 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡು. ಆರು ನಿಮಿಷ ನಲವತ್ತು ಸೆಕೆಂಡಿಗೆ ಮಾತು ಬಂದ್. ಭಾಷಣ ಬೇಕೇಬೇಕು ಅನ್ನುವವರು ಈ ಕಟ್ಟು ಹಾಕಿಕೊಳ್ಳಲಿ.

ನನ್ನ ಮಟ್ಟಿಗೆ, ಕೇಳಿ ಬರುವ ಕಾರ್ಯಕ್ರಮಕ್ಕಿಂತ ಕೂತು ಮಾಡುವ ಕಾರ್ಯಕ್ರಮವೇ ಮೇಲು. ಕಾರಣ ಸರಳ. ನಮ್ಮ ಕೆಲಸವನ್ನು ಬೇರೆಯವರು ನೋಡುವುದು ಮುಗಿದ ಮೇಲೆ. ಅರ್ಧ ಆದದ್ದನ್ನು, ಕೆಟ್ಟದ್ದನ್ನು ನಾವು ಯಾರಿಗೂ ತೋರಿಸೋದಿಲ್ಲ. ಬೇರೆಯವರ ಅರ್ಧಂಬರ್ಧ ಕೆಲಸವನ್ನೂ ನೋಡಿರೋದಿಲ್ಲ. ಹಾಗಾಗಿ ಎಲ್ಲರಿಗೂ ಸಲೀಸಾಗಿ ಬರುತ್ತೆ, ನಮಗೆ ಮಾತ್ರ ಕಷ್ಟ ಅನ್ನೋ ಭ್ರಮೆ ಬೆಳೆಯುತ್ತದೆ.

ಆ ಭ್ರಮೆ ಬಿಡಿಸೋದಕ್ಕೆ ಸ್ಕೆಚಿಂಗ್ ಗುಂಪುಗಳು ತುಂಬಾ ಒಳ್ಳೆಯವು. 2004ರಲ್ಲಿ ಎನ್ರಿಕೊ ಕಾಸರೋಸಾ ಎಂಬ ಚಿತ್ರಗಾರ ಸ್ಕೆಚ್‌ಕ್ರಾಲ್ ಶುರು ಮಾಡಿದರು. ಇಡೀ ದಿನ ಊರು ಸುತ್ತುತ್ತಾ ಕಂಡದ್ದನ್ನು ಬಿಡಿಸೋದು, ಅಷ್ಟೇ. 2007ರಲ್ಲಿ ಅಮೆರಿಕದ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ ಅವರಿಂದ ಅರ್ಬನ್ ಸ್ಕೆಚರ್ಸ್ ಹುಟ್ಟಿತು. ಅದರ ಮೊದಲ ನಿಯಮ: ಫೋಟೋ ನೋಡಿ ಬಿಡಿಸುವ ಹಾಗಿಲ್ಲ, ಜಾಗದಲ್ಲೇ ಕೂತು ಬಿಡಿಸಬೇಕು. ಬೆಂಗಳೂರಿನಲ್ಲೂ ಅವರ ಗುಂಪಿದೆ. ಕೊನೆಗೆ ಎಲ್ಲರೂ ತಮ್ಮ ಸ್ಕೆಚ್ ಪುಸ್ತಕಗಳನ್ನು ನೆಲದ ಮೇಲೆ ಹರಡುತ್ತಾರೆ. ಒಂದೇ ಮರ, ಹದಿನೈದು ಪುಸ್ತಕ. ಒಬ್ಬರು ಬೇರು ಹಿಡಿದಿರುತ್ತಾರೆ, ಒಬ್ಬರು ನೆರಳು. ಇನ್ನೊಬ್ಬರು ಮರ ಬಿಟ್ಟು ಕೆಳಗೆ ನಿದ್ದೆ ಹೊಡೆಯುತ್ತಿದ್ದ ಆಟೋ ಡ್ರೈವರ್‌ನನ್ನು. ಯಾವುದನ್ನು ಬಿಡಬೇಕು ಅನ್ನೋ ಪಾಠ ಅಲ್ಲಿ ಪುಕ್ಕಟೆ ಸಿಗುತ್ತದೆ.

ಪುಸ್ತಕ ಹರಡಿದಾಗ "ಸೂಪರ್" ಅನ್ನೋದನ್ನು ಮಾತ್ರ ನಮ್ಮದೇ ಸ್ಕೆಚಿಂಗ್ ಗುಂಪಿನಲ್ಲಿ ನಿಷೇಧಿಸಿದ್ದೇವೆ. ಅದರಿಂದ ಯಾರಿಗೂ ಏನೂ ಸಿಗೋದಿಲ್ಲ. ಎಲ್ಲಿಂದ ಶುರು ಮಾಡಿದೆ, ಇಲ್ಲಿ ಯಾಕೆ ನಿಲ್ಲಿಸಿದೆ ಅಂತ ಕೇಳಬೇಕು.

ಅಕ್ಷರದ ಕೆಲಸ ಮಾಡುವವರಿಗೆ ಇದೇ ಮಾದರಿಯಲ್ಲಿ ಪೇಟೆ ನಡಿಗೆ ಆಗಬಹುದು. ಅವೆನ್ಯೂ ರೋಡ್, ಚಿಕ್ಕಪೇಟೆ, ಬಳೇಪೇಟೆ ಕಡೆ ತಲೆ ಎತ್ತಿಕೊಂಡು ನಡೆಯಿರಿ. ಸಿಮೆಂಟಿನಲ್ಲಿ ಉಬ್ಬಿಸಿದ ಕಟ್ಟಡದ ಹೆಸರು, ಎನಾಮಲ್ ಬಣ್ಣದಲ್ಲಿ ಕೈಯಲ್ಲೇ ಬರೆದ ಬೋರ್ಡ್ ಇನ್ನೂ ಅಲ್ಲಲ್ಲಿ ಉಳಿದಿವೆ. ಅಲ್ಲಿ ಒತ್ತಕ್ಷರಗಳನ್ನು ಗಮನಿಸಿ. ಕನ್ನಡದ ದೊಡ್ಡ ತಲೆನೋವು ಇದೇ ಅಲ್ವಾ? "ರಾಷ್ಟ್ರೀಯ" ಅಂತ ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನು ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬೋರ್ಡ್ ಬರೆಯುವವರು ಒತ್ತನ್ನು ಕಿರಿದು ಮಾಡಿ, ಬಲಕ್ಕೆ ಸರಿಸಿ, ಕೆಲವು ಸಲ ಮೇಲಿನ ಅಕ್ಷರವನ್ನೇ ತುಸು ಗಿಡ್ಡ ಮಾಡಿ ಜಾಗ ಹೊಂದಿಸಿರುತ್ತಾರೆ. ತಲಕಟ್ಟಿನದೂ ಹಾಗೇ. ಕ, ತ, ನಗಳಿಗೆ ತಲಕಟ್ಟಿದೆ. ಜ, ಣ, ಬ, ಲಗಳಿಗೆ ಇಲ್ಲ. ಎರಡು ಬಗೆಯವೂ ಒಂದೇ ಪದದಲ್ಲಿ ಬಂದಾಗ ಮೇಲಿನ ಗೆರೆ ಒಡೆದಂತೆ ಕಾಣಬಾರದು. ಬೋರ್ಡಿನ ಮುಂದೆ ನಿಂತು ಅದನ್ನೇ ಪೆನ್ಸಿಲ್‌ನಲ್ಲಿ ಎತ್ತಿಕೊಳ್ಳಿ. ಎಲ್ಲಿ ಉಪಾಯ ಮಾಡಿದ್ದಾರೆ ಅನ್ನೋದು ಕೈಗೆ ಗೊತ್ತಾಗುತ್ತದೆ.

ಇಂಗ್ಲಿಷ್ ಅಕ್ಷರ ಬಿಡಿಸುವವರಿಗೆ "36 ಡೇಸ್ ಆಫ್ ಟೈಪ್" ಅಂತ ಒಂದು ಸವಾಲಿದೆ: 26 ಅಕ್ಷರ, 10 ಅಂಕಿ, ದಿನಕ್ಕೊಂದು. ನಮ್ಮ ವರ್ಣಮಾಲೆಯಲ್ಲಿ 49 ಇವೆ. ಗುಂಪಾಗಿ ಹಂಚಿಕೊಂಡರೆ ಒಂದು ಭಾನುವಾರದ ಕೆಲಸ. ಙ, ಞ ಯಾರಿಗೂ ಬೇಡ, ಚೀಟಿ ಎತ್ತಿ ಕೊಡಿ. ಬಿಡಿ ಅಕ್ಷರವಾಗಿ ಬಳಕೆ ತೀರಾ ಕಡಿಮೆ ಇರೋದರಿಂದ ಅವುಗಳಲ್ಲೇ ಜಾಸ್ತಿ ಸ್ವಾತಂತ್ರ್ಯ.

ಇದಕ್ಕೆಲ್ಲ ಬೆಂಗಳೂರೇ ಬೇಕಿಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಯಾವ ಊರಿನ ಹಳೇ ಪೇಟೆಯಾದರೂ ಸರಿ. ನೆರಳು, ನೀರು, ಹತ್ತಿರದಲ್ಲಿ ಶೌಚಾಲಯ ಇರುವ ಜಾಗ ನೋಡಿ. ಶೌಚಾಲಯ ಇಲ್ಲದಿದ್ದರೆ ಮುಂದಿನ ಸಲ ಹೆಣ್ಣುಮಕ್ಕಳು ಬರೋದಿಲ್ಲ. ಅಂಗಡಿಗೆ ಅಡ್ಡ ಕೂರಬೇಡಿ, ಮಾಲೀಕರನ್ನು ಒಂದು ಮಾತು ಕೇಳಿ.

ದುಡ್ಡಿನ ವಿಷಯ ಖಡಾಖಂಡಿತವಾಗಿರಲಿ. ಬೋರ್ಡ್ ಬರೆಯುವ ಹಿರಿಯರನ್ನು ಕರೆಸಿ ಕಲಿತರೆ ಅವರ ಒಂದು ದಿನದ ಕೂಲಿಗೆ ಕಡಿಮೆ ಇಲ್ಲದಂತೆ ಕೊಡಿ, ಶಾಲು ಆಮೇಲೆ. ನಾವು ಕೂಡ ಪುಕ್ಕಟೆಗೆ ಒಪ್ಪಬಾರದು. ಒಂದು ಸಂಸ್ಥೆಯವರು "ನಿಮ್ಮ ಗುಂಪಿನವರು ಸುಮ್ನೆ ಖುಷಿಗೆ ನಮ್ಮ ಗೋಡೆಗೆ ಚಿತ್ರ ಬಿಡಿಸಿಕೊಡಲಿ, ಪಬ್ಲಿಸಿಟಿ ಸಿಗುತ್ತೆ" ಅಂದರು. ಗೋಡೆಗೆ ಸುಣ್ಣ ಹೊಡೆದವರಿಗೆ ಕೂಲಿ ಕೊಟ್ಟಿದ್ದರು, ವಿಚಾರಿಸಿದೆ. ನಾವು ಹೋಗಲಿಲ್ಲ.

ಒಬ್ಬರೇ ಎಲ್ಲ ಹೊತ್ತುಕೊಂಡರೆ ಆರು ತಿಂಗಳಲ್ಲಿ ಸುಸ್ತಾಗಿ ಗುಂಪು ಮುಚ್ಚುತ್ತದೆ. ಜಾಗ ಹುಡುಕುವ ಕೆಲಸ ತಿಂಗಳಿಗೊಬ್ಬರ ಪಾಲಿಗೆ ಬರಲಿ. ಮೊದಲ ಸಲ ನಾಲ್ಕೇ ಜನ ಬಂದರೂ ನಡೆಸಿ. ಮುಂದಿನ ತಿಂಗಳ ತಾರೀಖು, ಜಾಗ ಎರಡನ್ನೂ ಅಲ್ಲೇ ಗೊತ್ತು ಮಾಡಿಕೊಂಡು ಎದ್ದೇಳಿ. ಆಮೇಲೆ ವಾಟ್ಸಾಪ್‌ನಲ್ಲಿ ನೋಡೋಣ ಅಂದರೆ ಅದು ನಡೆಯೋದಿಲ್ಲ.