ಮೈಸೂರಿನ ದುಡ್ಡು, ಲಂಡನ್ನಿನ ಆರ್ಕೆಸ್ಟ್ರಾ, ಮಾಲೀಕ ಯಾರು?

ಲಂಡನ್ನಿಗೆ ಬರುವ ಕನ್ನಡಿಗರಿಗೆ ನಾನು ಆರ್ಕೆಸ್ಟ್ರಾಗಳಲ್ಲಿ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದಗಳಲ್ಲಿ, ಕೆಲಸ ಮಾಡುತ್ತೇನೆಂದು ಗೊತ್ತಾದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ಇಲ್ಲಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿಸಿದ್ದು ನಮ್ಮ ಮಹಾರಾಜರಂತೆ, ಹೌದಾ?" ಕಟ್ಟಿಸಿದ್ದು ಅವರಲ್ಲ. ಆದರೆ ಅದು ಎಳೆಯದಾಗಿದ್ದಾಗ ಕೈಹಿಡಿದು ನಡೆಸಿದವರಲ್ಲಿ ಅವರೂ ಒಬ್ಬರು.

ಕಟ್ಟಿದ್ದು ವಾಲ್ಟರ್ ಲೆಗ್, 1945ರಲ್ಲಿ. ಇಎಂಐ ಕಂಪನಿಗೆ ಗ್ರಾಮಫೋನ್ ರೆಕಾರ್ಡು ಮಾಡಿಸುತ್ತಿದ್ದ ನಿರ್ಮಾಪಕ. ಯುದ್ಧ ಆಗಷ್ಟೇ ಮುಗಿದಿತ್ತು, ಒಳ್ಳೊಳ್ಳೆ ವಾದಕರು ಸೇನೆಯ ಬ್ಯಾಂಡುಗಳಲ್ಲಿದ್ದರು. ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುತ್ತಿದ್ದ ಡೆನಿಸ್ ಬ್ರೇನ್ ಅಂಥವರನ್ನು ಲೆಗ್ ಹೆಕ್ಕಿಕೊಂಡ. ಮೊದಲ ಸಂಗೀತ ಕಛೇರಿಗೆ ಕಂಡಕ್ಟರ್, ಅಂದರೆ ಮುಂದೆ ನಿಂತು ಕೈಸನ್ನೆಯಲ್ಲಿ ವಾದಕರನ್ನೆಲ್ಲ ನಡೆಸುವವನು, ಸರ್ ಥಾಮಸ್ ಬೀಚಮ್. ಸಂಭಾವನೆಯಾಗಿ ಒಂದು ಒಳ್ಳೆ ಸಿಗಾರ್ ಮಾತ್ರ ಕೇಳಿದ ಅನ್ನುವ ಕತೆ ಇದೆ. ಆಮೇಲೆ ಕೇಳಿದ್ದು ಸಿಗಾರಲ್ಲ, ಇಡೀ ಆರ್ಕೆಸ್ಟ್ರಾವನ್ನೇ! ಲೆಗ್ ಕೊಡಲಿಲ್ಲ. ಬೀಚಮ್ 1946ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಅಂತ ತನ್ನದೇ ಇನ್ನೊಂದನ್ನು ಕಟ್ಟಿಕೊಂಡ.

ಆರ್ಕೆಸ್ಟ್ರಾ ಸಾಕುವುದು ಸುಮ್ನೆ ಮಾತಲ್ಲ. ರೆಕಾರ್ಡಿಂಗಿನ ಕೆಲಸ ಹೊಟ್ಟೆ ತುಂಬಿಸುತ್ತದೆ, ಕಛೇರಿಗಳು ಜೇಬು ಖಾಲಿ ಮಾಡುತ್ತವೆ. ಜಯಚಾಮರಾಜ ಒಡೆಯರ್ ಅವರ ನೆರವು ಸಿಕ್ಕಿದ್ದು ಈ ಹೊತ್ತಿನಲ್ಲಿ. ಫಿಲ್‌ಹಾರ್ಮೋನಿಯಾ ಕಛೇರಿಗಳನ್ನು ನಡೆಸುವ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರಾದರು, ದುಡ್ಡನ್ನೂ ಕೊಟ್ಟರು. ದೊರೆಯ ಶೋಕಿ ಅಂತ ತಳ್ಳಿಹಾಕುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪಿಯಾನೋ ಬಲ್ಲವರು, ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದ ಕೃತಿಗಳನ್ನು ರಚಿಸಿದವರು. ಅವರ ಆಯ್ಕೆ ನೋಡಿ: ಲಂಡನ್ನಿನಲ್ಲಿ ಯಾರೂ ಜಾಸ್ತಿ ಕೇಳದೆ ಬಿಟ್ಟಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್. ಮುದುಕನಾಗಿದ್ದ ಮೆಟ್ನರ್ ತಾನೇ ಪಿಯಾನೋಗೆ ಕೂತು ಈ ಆರ್ಕೆಸ್ಟ್ರಾದ ಜೊತೆ ತನ್ನ ಕನ್ಚರ್ಟೊಗಳನ್ನು, ಅಂದರೆ ಒಬ್ಬ ಮುಖ್ಯ ವಾದಕ ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿಗಳನ್ನು, ರೆಕಾರ್ಡ್ ಮಾಡಿದ. ಆ ಖರ್ಚು ಮೈಸೂರಿನದು. ಮೂರನೇ ಕನ್ಚರ್ಟೊವನ್ನು ಅವನು ಮಹಾರಾಜರಿಗೇ ಅರ್ಪಿಸಿದ್ದಾನೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದವು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಸ್ಟ್ರಾಸ್ ಅಷ್ಟರಲ್ಲಿ ತೀರಿಕೊಂಡಿದ್ದ. ಇದರ ಹಿಂದೆಯೂ ಒಡೆಯರ್ ನೆರವಿತ್ತು.

ನಮ್ಮವರ ಕತೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಂದಿನದ್ದೇ ಹೆಚ್ಚು ಮುಖ್ಯ. ಕಂಡಕ್ಟರ್ ಕಾರಾಯಾನ್ ಬಂದ, ಬರ್ಲಿನ್ನಿಗೆ ಹೋದ. 1952ರಲ್ಲಿ ಇನ್ನೊಬ್ಬ ಕಂಡಕ್ಟರ್ ಟೊಸ್ಕನೀನಿ ಬಂದು ಸಂಯೋಜಕ ಬ್ರಾಮ್ಸ್‌ನ ಕೃತಿಗಳನ್ನು ನಡೆಸಿಕೊಟ್ಟ. 1957ರಲ್ಲಿ ಡೆನಿಸ್ ಬ್ರೇನ್ ಕಾರು ಅಪಘಾತದಲ್ಲಿ ಸತ್ತ, ವಯಸ್ಸು ಬರೀ 36. 1959ರಿಂದ ಓಟೋ ಕ್ಲೆಂಪರರ್ ಮುಖ್ಯ ಕಂಡಕ್ಟರ್. ಇಷ್ಟೆಲ್ಲ ಆದರೂ ಮಾಲೀಕ ಮಾತ್ರ ಒಬ್ಬನೇ. 1964ರ ಮಾರ್ಚಿನಲ್ಲಿ ಆ ಮಾಲೀಕ, ಅಂದರೆ ಲೆಗ್, ಒಪ್ಪಿಕೊಂಡ ಕೆಲಸ ಮುಗಿದ ಮೇಲೆ ಆರ್ಕೆಸ್ಟ್ರಾವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇನೆ ಎಂದುಬಿಟ್ಟ. ಮಟ್ಟ ಉಳಿಸಿಕೊಳ್ಳಲು ಆಗುತ್ತಿಲ್ಲ ಅನ್ನುವುದು ಅವನ ವಾದ.

ವಾದಕರು ಕೆಲವೇ ದಿನಗಳಲ್ಲಿ ಸಭೆ ಸೇರಿ, ನಾವೇ ನಡೆಸುತ್ತೇವೆ ಎಂದು ನಿರ್ಧರಿಸಿದರು. ಹಳೆಯ ಹೆಸರು ಅವರ ಕೈಗೆ ಸಿಗಲಿಲ್ಲ, 'ನ್ಯೂ ಫಿಲ್‌ಹಾರ್ಮೋನಿಯಾ' ಆದರು. 79ರ ಕ್ಲೆಂಪರರ್ ಅವರ ಪರ ನಿಂತು ಅಧ್ಯಕ್ಷನಾದ. ಅದೇ ಅಕ್ಟೋಬರಿನಲ್ಲಿ ಬೀಥೋವನ್ನನ ಒಂಬತ್ತನೇ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ನುಡಿಸಿ ಹೊಸ ಲೆಕ್ಕ ಶುರುಮಾಡಿದರು. ಹಳೆಯ ಹೆಸರು ವಾಪಸ್ ಬಂದಿದ್ದು 1977ರಲ್ಲಿ.

ವಾದಕರೇ ಮಾಲೀಕರು ಅಂದರೆ ಕೇಳಲು ಚೆಂದ. ಲಂಡನ್ ಸಿಂಫನಿ ಆರ್ಕೆಸ್ಟ್ರಾ 1904ರಿಂದಲೂ ಹೀಗೇ ಇದೆ. ಆದರೆ ಇಲ್ಲಿ ತಿಂಗಳ ಸಂಬಳ ಇಲ್ಲ. ತಾಲೀಮಿಗೆ ಇಷ್ಟು, ಕಛೇರಿಗೆ ಇಷ್ಟು. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸಂಬಳವಿದೆ, ಇವರಿಗೆ ಜ್ವರ ಬಂದರೆ ಆ ದಿನದ ದುಡ್ಡಿಲ್ಲ. ಆಡಳಿತ ಮಂಡಳಿಯಲ್ಲಿ ಕೂತು ಖರ್ಚು ಕಡಿಮೆ ಮಾಡಿ ಎನ್ನುವ ವಾದಕನೇ ಮರುದಿನ ತಾಲೀಮಿಗೆ ಬಂದು ತನ್ನ ಕುರ್ಚಿಯಲ್ಲಿ ಕೂರಬೇಕು. ಪಕ್ಕದವರ ಮುಖ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ!

ಇನ್ನು ನನ್ನ ಕಸುಬು. ನಾನು ಆರ್ಕೆಸ್ಟ್ರಾಗಳ ನೋಟ್ಸ್ ಲೈಬ್ರರಿ, ಅಂದರೆ ವಾದಕರು ನೋಡಿಕೊಂಡು ನುಡಿಸುವ ಸ್ವರಲಿಪಿಯ ಪ್ರತಿಗಳನ್ನು, ನೋಡಿಕೊಳ್ಳುವವನು. ಕಛೇರಿಗೆ ಮುಂಚೆ ಲೀಡರ್, ಅಂದರೆ 'ಮೊದಲ ಪಿಟೀಲು' ಎನ್ನುವ ಗುಂಪಿನ ಮುಖ್ಯಸ್ಥರು, ತಮ್ಮ ಪ್ರತಿಯಲ್ಲಿ ಎಲ್ಲೆಲ್ಲಿ ಕಮಾನು ಮೇಲೆ, ಎಲ್ಲೆಲ್ಲಿ ಕೆಳಗೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಅದನ್ನು ನಾನು ಉಳಿದ ಪ್ರತಿಗಳಿಗೆಲ್ಲ ಇಳಿಸಬೇಕು. ಇಬ್ಬರಿಗೆ ಒಂದು ಸ್ಟ್ಯಾಂಡು, ಒಂದು ಪ್ರತಿ. ಹದಿನಾರು ಮೊದಲ ಪಿಟೀಲು ಅಂದರೆ ಎಂಟು ಪ್ರತಿ, ಆಮೇಲೆ ಎರಡನೇ ಪಿಟೀಲು, ವಿಯೋಲ, ಚೆಲೊ, ಬಾಸ್. ಪೆನ್ಸಿಲು ಮೆತ್ತಗಿರಬೇಕು, 2ಬಿ ಆದರೆ ಒಳ್ಳೆಯದು. ಅಳಿಸಿದಾಗ ಕಾಗದ ಹರಿಯಬಾರದು.

ಬಾಡಿಗೆಗೆ ತಂದ ಪ್ರತಿಯಾದರೆ ಎಲ್ಲ ಅಳಿಸಿ ಪ್ರಕಾಶಕರಿಗೆ ಹಿಂದಿರುಗಿಸಬೇಕು. ಸ್ವಂತ ಪ್ರತಿಯಾದರೆ ಗುರುತುಗಳು ಹಾಗೇ ಉಳಿಯುತ್ತವೆ. ನಿವೃತ್ತರಾಗಿ ಎಷ್ಟೋ ವರ್ಷವಾದ ಲೀಡರ್ ಒಬ್ಬರ ಕಮಾನಿನ ಗುರುತನ್ನೇ ಇವತ್ತಿನ ಹುಡುಗಿ ನುಡಿಸುತ್ತಾಳೆ, ಯಾರದ್ದೆಂದು ಅವಳಿಗೆ ಗೊತ್ತಿರುವುದಿಲ್ಲ. 'ಈ ಆರ್ಕೆಸ್ಟ್ರಾದ ಧ್ವನಿ' ಎನ್ನುತ್ತಾರಲ್ಲ, ಅದರ ಒಂದು ಪಾಲು ಈ ಕಪಾಟಿನಲ್ಲಿದೆ ಎಂದು ನಾನು ನಂಬಿದ್ದೇನೆ. ಕಂಡಕ್ಟರುಗಳಿಗೆ ಇದನ್ನು ಹೇಳಲು ಹೋಗುವುದಿಲ್ಲ.

ಹೊಸ ವಾದಕರನ್ನು ಸೇರಿಸಿಕೊಳ್ಳುವ ರೀತಿಯೂ ನೋಡುವಂಥದ್ದು. ಪರೀಕ್ಷೆಯಲ್ಲಿ ಚೆನ್ನಾಗಿ ನುಡಿಸಿದರೆ ಸಾಲದು. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ, ಅತಿಥಿಯಾಗಿ ಜೊತೆಯಲ್ಲಿ ನುಡಿಸಬೇಕು. ಪಕ್ಕದಲ್ಲಿ ಕೂರುವವರ ಅಭಿಪ್ರಾಯಕ್ಕೆ ತುಂಬ ತೂಕ. ಒಂದೇ ಕುರ್ಚಿಗೆ ನಾಲ್ಕೈದು ಜನರನ್ನು ಹೀಗೆ ಸರದಿಯಲ್ಲಿ ಕೂರಿಸಿ ನೋಡುವುದುಂಟು. ಕಾಯುವವರಿಗೆ ಇದು ಹಿಂಸೆ, ಒಪ್ಪುತ್ತೇನೆ. ಆದರೆ ಒಮ್ಮೆ ಸೇರಿದವರು ಬರೀ ನೌಕರರಲ್ಲ. ಕಂಪನಿಯ ಸದಸ್ಯರು, ಸಭೆಯಲ್ಲಿ ಅವರಿಗೂ ಮತ ಇರುತ್ತದೆ.