‘ಭೂಗತ ನದಿ’ ಎಲ್ಲೆಲ್ಲೂ ಇಲ್ಲ

ಅಂತರ್ಜಲದ ಬಗ್ಗೆ ಇನ್ನೊಂದು ಬರಹ ಓದಿದೆ. ಅದರಲ್ಲೂ ನೆಲದಡಿಯ ನೀರೆಲ್ಲ ‘ಭೂಗತ ನದಿ’ಯಾಗಿ ಹರಿಯುತ್ತಿತ್ತು. ಭೂಗತ ಅಂದಕೂಡಲೇ ದೊರೆಗಳು, ಪಾತಕಿಗಳು ನೆನಪಾಗುತ್ತಾರೆ, ಅದು ಹೋಗಲಿ. ನನ್ನ ತಕರಾರು ‘ನದಿ’ಯ ಮೇಲೆ.

ನೆಲದಡಿಯ ನೀರು ಸಾಮಾನ್ಯವಾಗಿ ಜಿನುಗುತ್ತದೆ, ಅಷ್ಟೇ. ಮರಳಿನ ಪದರದಲ್ಲಿ ಕಣಗಳ ಸಂದಿಯಲ್ಲಿ ನುಸುಳಿಕೊಂಡು ದಿನಕ್ಕೆ ಕೆಲವು ಸೆಂಟಿಮೀಟರ್, ಒಮ್ಮೊಮ್ಮೆ ಒಂದೆರಡು ಮೀಟರ್ ಸಾಗುತ್ತದೆ. ಇದನ್ನು ನದಿ ಅನ್ನುವುದಾದರೆ ಒದ್ದೆ ಬಟ್ಟೆಯನ್ನು ಕೆರೆ ಅನ್ನಬಹುದು, ಅಲ್ವಾ?

ಈ ಪದ ನಿಜವಾಗಿ ಸಲ್ಲುವುದು ಮುಖ್ಯವಾಗಿ ಸುಣ್ಣಕಲ್ಲಿನ ನೆಲಕ್ಕೆ. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಕಾರ್ಬನ್ ಡೈಆಕ್ಸೈಡ್ ಹೀರಿ ತುಸು ಆಮ್ಲವಾಗುತ್ತದೆ. ಬಿರುಕಿಗೆ ಇಳಿದು ಕಲ್ಲನ್ನು ಕರಗಿಸುತ್ತದೆ. ಸಾವಿರಾರು ವರ್ಷ ಕಳೆದರೆ ಬಿರುಕು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ. ಇಂಥ ನೆಲವೇ ಕಾರ್ಸ್ಟ್. ಸ್ಲೊವೇನಿಯಾ–ಇಟಲಿ ಗಡಿಯಲ್ಲಿರುವ ಕ್ರಾಸ್ ಪ್ರಸ್ಥಭೂಮಿಯ ಜರ್ಮನ್ ಹೆಸರು ಅದು.

ಜರ್ಮನಿಯ ಡ್ಯಾನ್ಯೂಬ್ ನೋಡಿ. ಇಮೆಂಡಿಂಗೆನ್ ಊರಿನ ಹತ್ತಿರ ನದಿಯ ನೀರು ಪಾತ್ರದಲ್ಲೇ ಇಂಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ದಿನ ಬರೀ ಕಲ್ಲು ಉಳಿಯುತ್ತದೆ. ನೀರು ಹೋಗುವುದೆಲ್ಲಿಗೆ? 1877ರಲ್ಲಿ ಅಲ್ಲಿ ಹತ್ತು ಕಿಲೋ ಫ್ಲೋರಸೀನ್ ಬಣ್ಣ ಸುರಿದರು. ಸುಮಾರು 60 ಗಂಟೆಯ ನಂತರ, 12 ಕಿಲೋಮೀಟರ್ ದೂರದ ಆಖ್‌ಟಾಪ್ಫ್ ಬುಗ್ಗೆಯಲ್ಲಿ ನೀರು ಹಸಿರಾಗಿ ಬಂತು. ಗಂಟೆಗೆ 200 ಮೀಟರ್! ಇನ್ನೂ ಮಜಾ ಎಂದರೆ, ಆ ಬುಗ್ಗೆಯ ನೀರು ಸೇರುವುದು ರೈನ್ ನದಿಗೆ. ಕಪ್ಪು ಸಮುದ್ರಕ್ಕೆ ಹೊರಟಿದ್ದ ನೀರು ಉತ್ತರ ಸಮುದ್ರ ಮುಟ್ಟುತ್ತದೆ. ಮೇಲಿನ ನಕ್ಷೆ ಹಿಡಿದು ಜಲಾನಯನದ ಗೆರೆ ಎಳೆಯುವವರಿಗೆ ಇದು ದೊಡ್ಡ ತಲೆನೋವು.

ಹಾಗಂತ ಕಾರ್ಸ್ಟ್‌ನಲ್ಲೂ ನೀರೆಲ್ಲ ಕೊಳವೆಯಲ್ಲೇ ಇರುವುದಿಲ್ಲ. ಓಡುವುದು ಕೊಳವೆಯಲ್ಲಿ, ಹೆಚ್ಚಿನ ಸಂಗ್ರಹ ಸಣ್ಣ ಬಿರುಕು, ರಂಧ್ರಗಳಲ್ಲಿ. ಪ್ರವಾಹ ಬಂದರೆ ಕೊಳವೆಯ ಒತ್ತಡ ಏರಿ ನೀರು ಸುತ್ತಲಿನ ಕಲ್ಲಿಗೆ ನುಗ್ಗುತ್ತದೆ, ಇಳಿದಾಗ ವಾಪಸ್ ಒಸರುತ್ತದೆ. ಈ ಕೊಡುಕೊಳ್ಳುವಿಕೆಯ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಬುಗ್ಗೆಯ ಬಾಯಲ್ಲಿ ನೀರಿನ ಉಷ್ಣತೆ, ವಿದ್ಯುತ್ ವಾಹಕತೆ ಅಳೆಯುತ್ತ ಕೂರುತ್ತಾರೆ. ಹೊಸ ಮಳೆನೀರು ಬಂದರೆ ವಾಹಕತೆ ಥಟ್ಟನೆ ಇಳಿಯುತ್ತದೆ. ಕಲ್ಲಿನಲ್ಲಿ ಬಹಳ ದಿನ ಇದ್ದ ನೀರಾದರೆ ಕರಗಿದ ಲವಣ ಜಾಸ್ತಿ, ವಾಹಕತೆಯೂ ಜಾಸ್ತಿ.

ಕಾರ್ಸ್ಟ್ ನೆಲದಲ್ಲಿ ‘ಎಸ್ಟಾವೆಲ್’ ಎಂಬ ಬಾಯಿಗಳೂ ಇವೆ. ನೆಲದಡಿಯ ನೀರು ಏರಿದಾಗ ಅವು ನೀರು ಉಗುಳುತ್ತವೆ, ಇಳಿದಾಗ ಅದೇ ಬಾಯಿಂದ ನುಂಗುತ್ತವೆ. ಇದನ್ನೂ ಸುಮ್ನೆ ‘ಬುಗ್ಗೆ’ ಎಂದು ಬರೆದುಬಿಡುವವರಿದ್ದಾರೆ. ಅದರ ಬಗ್ಗೆ ಇನ್ನೊಂದು ದಿನ ಜಗಳವಾಡುತ್ತೇನೆ.